ಮದುವೆ ಆದಮೇಲೆ ಹೆಸರು ಬದಲಾಯಿಸಬೇಕಾ? ದಾವಣಗೆರೆ, ಚಿತ್ರದುರ್ಗದ ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಸೀಸನ್ ಮುಗಿಯುತ್ತಿದ್ದಂತೆ ನಮ್ಮ ಕಡೆಯ ಸೇವಾ ಕೇಂದ್ರಗಳಲ್ಲಿ ಒಂದೇ ಥರದ ಪ್ರಶ್ನೆಗಳು ಶುರುವಾಗುತ್ತವೆ. ಆಧಾರ್ ಮೊದಲಾ, ಪ್ಯಾನ್ ಮೊದಲಾ? ಇನಿಶಿಯಲ್ ಬದಲಾಯಿಸಬೇಕಾ? ಅತ್ತೆ ಒಂದು ಹೇಳುತ್ತಾರೆ, ತವರಿನವರು ಇನ್ನೊಂದು ಹೇಳುತ್ತಾರೆ, ಕಂಪ್ಯೂಟರ್ ಮುಂದೆ ಕೂತ ಹುಡುಗ ಮತ್ತೊಂದು ಹೇಳುತ್ತಾನೆ. ಹಾಗಾಗಿ ಎಲ್ಲಾ ಒಂದೇ ಕಡೆ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಹೆಸರು ಬದಲಾಯಿಸಿದವರಿಗೂ ತೊಂದರೆ ಇಲ್ಲ, ಬದಲಾಯಿಸದೆ ಇದ್ದವರಿಗೂ ತೊಂದರೆ ಇಲ್ಲ. ಅರ್ಧ ಬದಲಾಯಿಸಿ ಅರ್ಧ ಬಿಟ್ಟವರೇ ಆಫೀಸಿಂದ ಆಫೀಸಿಗೆ ಅಲೆಯುವುದು.

ಮದುವೆ ಆದಮೇಲೆ ಗಂಡನ ಹೆಸರು ಸೇರಿಸಲೇಬೇಕು ಅಂತ ಕಾನೂನು ಇದೆಯಾ?

ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲೂ ಇಲ್ಲ, 1954ರ ವಿಶೇಷ ವಿವಾಹ ಕಾಯ್ದೆಯಲ್ಲೂ ಇಲ್ಲ. ಹೆಸರು ಅನ್ನುವುದು ಒಬ್ಬ ವ್ಯಕ್ತಿಯ ಗುರುತು, ಅದು ಸಂವಿಧಾನದ 19ನೇ ವಿಧಿ ಕೊಡುವ ಅಭಿವ್ಯಕ್ತಿ ಸ್ವಾತಂತ್ರ್ಯದ ಒಳಗೇ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಅದು ಸಿಬಿಎಸ್‌ಇ ಮಾರ್ಕ್ಸ್ ಕಾರ್ಡಿನ ಹೆಸರಿಗೆ ಸಂಬಂಧಪಟ್ಟ ಕೇಸು, ಆದರೆ ಹೇಳಿದ ಮಾತು ಎಲ್ಲರಿಗೂ ಅನ್ವಯಿಸುತ್ತದೆ. ಬ್ಯಾಂಕಿನವರೋ ಸಂಬಂಧಿಕರೋ "ಮದುವೆ ಆಯ್ತಲ್ಲ, ಹೆಸರು ಚೇಂಜ್ ಮಾಡಿಸಲೇಬೇಕು" ಅಂದರೆ ಧೈರ್ಯವಾಗಿ ಬೇಡ ಅನ್ನಬಹುದು. ಬೇಕು ಅನಿಸಿದರೆ ಖುಷಿಯಿಂದ ಬದಲಾಯಿಸಿಕೊಳ್ಳಬಹುದು. ತೀರ್ಮಾನ ಹೆಸರು ಹೊತ್ತವರದ್ದು, ಬೇರೆ ಯಾರದ್ದೂ ಅಲ್ಲ.

ನಮಗೆ ಸರ್‌ನೇಮೇ ಇಲ್ಲವಲ್ಲ, ಬರೀ ಇನಿಶಿಯಲ್ ಇದೆ. ನಾವು ಬದಲಾಯಿಸುವುದಾದರೂ ಏನನ್ನು?

ನಮ್ಮ ಜಿಲ್ಲೆಗಳಲ್ಲಿ ನಿಜವಾದ ಗೊಂದಲ ಇರುವುದೇ ಇಲ್ಲಿ. ಅಂತರ್ಜಾಲದಲ್ಲಿ ಸಿಗುವ ಮಾಹಿತಿಯೆಲ್ಲ ಶರ್ಮಾ, ಗುಪ್ತಾ ಥರದ ಸರ್‌ನೇಮ್ ಇರುವವರಿಗೆ ಬರೆದದ್ದು. ಹಿರೇಮಠ, ಪಾಟೀಲ, ಶೆಟ್ಟಿ ಅಂತ ಇರುವವರಿಗೆ ಅದು ಹೊಂದುತ್ತದೆ. ಆದರೆ ದಾವಣಗೆರೆ, ಚಿತ್ರದುರ್ಗದಲ್ಲಿ ಜಾಸ್ತಿ ಜನರಿಗೆ ಇರುವುದು ಇನಿಶಿಯಲ್: ಒಂದಕ್ಷರ ಊರಿನದ್ದು, ಒಂದಕ್ಷರ ಅಪ್ಪನದ್ದು.

ಒಂದು ಉದಾಹರಣೆ ತಗೊಳ್ಳೋಣ. ಹುಡುಗಿಯ ಹೆಸರು ಕವಿತಾ ಬಿ.ಎಂ. ಬಿ ಅಂದರೆ ಊರು, ಎಂ ಅಂದರೆ ಅಪ್ಪ ಮಲ್ಲಿಕಾರ್ಜುನ. ಗಂಡನ ಹೆಸರು ಪ್ರಕಾಶ್. ಈಗ ಅವಳ ಮುಂದೆ ಮೂರು ದಾರಿ. ಕವಿತಾ ಬಿ.ಎಂ. ಆಗಿಯೇ ಇರಬಹುದು. ಇನಿಶಿಯಲ್ ಮಾತ್ರ ಬದಲಾಯಿಸಿ ಕವಿತಾ ಪಿ. ಆಗಬಹುದು. ಇಲ್ಲವೇ ಕವಿತಾ ಪ್ರಕಾಶ್ ಅಂತ ಪೂರ್ತಿ ಹೆಸರು ಮಾಡಿಕೊಳ್ಳಬಹುದು. ಬದಲಾಯಿಸುವುದೇ ಆದರೆ ನನ್ನ ಸಲಹೆ ಮೂರನೆಯದ್ದು. ಯಾಕೆಂದರೆ ಪಾಸ್‌ಪೋರ್ಟ್ ಅರ್ಜಿಯಲ್ಲೂ ಪ್ಯಾನ್ ಅರ್ಜಿಯಲ್ಲೂ ಇನಿಶಿಯಲ್ ಒಪ್ಪುವುದಿಲ್ಲ, ಬಿಡಿಸಿ ಪೂರ್ತಿ ಬರೆಯಬೇಕು. ಆಧಾರ್‌ನಲ್ಲಿ ಕವಿತಾ ಪಿ., ಪ್ಯಾನ್‌ನಲ್ಲಿ ಕವಿತಾ ಪ್ರಕಾಶ್, ಬ್ಯಾಂಕಿನಲ್ಲಿ ಇನ್ನೂ ಕವಿತಾ ಬಿ.ಎಂ. ಅಂತಾದರೆ ಮೂರು ಹೆಸರಿನ ಒಬ್ಬಳೇ ಹೆಣ್ಣುಮಗಳು ಆಗಿಬಿಡುತ್ತಾಳೆ, ಆಮೇಲೆ ಒಂದೊಂದಕ್ಕೂ ಅಫಿಡವಿಟ್.

ಇನ್ನೊಂದು ವಿಷಯ. ಮದುವೆಗೆ ಮುಂಚೆಯೇ ಇನಿಶಿಯಲ್ ಬಿಡಿಸಿ ಪಾಸ್‌ಪೋರ್ಟ್ ಮಾಡಿಸಿದವರಿಗೆ ಅಪ್ಪನ ಹೆಸರೋ ಊರಿನ ಹೆಸರೋ ಈಗಾಗಲೇ ಸರ್‌ನೇಮ್ ಜಾಗದಲ್ಲಿ ಕೂತಿರುತ್ತದೆ. ಅಂಥವರು ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ, ಆಮೇಲೆ ತೀರ್ಮಾನ ಮಾಡಿ.

ಮದುವೆಯಲ್ಲಿ ಅಕ್ಕಿ ಹರವಿ ಉಂಗುರದಲ್ಲಿ ಹೊಸ ಹೆಸರು ಬರೆಸಿದರು. ಅದು ಲೆಕ್ಕಕ್ಕೆ ಬರುತ್ತಾ?

ಮನೆಯೊಳಗೆ ಕರೆಯುವುದಕ್ಕೆ ಬರುತ್ತದೆ. ದಾಖಲೆಗೆ ಬರುವುದಿಲ್ಲ. ಮೊದಲ ಹೆಸರನ್ನೇ ಬದಲಾಯಿಸಬೇಕು ಅಂದರೆ, ಅಂದರೆ ಕವಿತಾ ಹೋಗಿ ಭಾಗ್ಯಲಕ್ಷ್ಮಿ ಆಗಬೇಕು ಅಂದರೆ, ಮ್ಯಾರೇಜ್ ಸರ್ಟಿಫಿಕೇಟ್ ಒಂದೇ ಸಾಕಾಗುವುದಿಲ್ಲ, ಗೆಜೆಟ್ ದಾರಿ, ಅಂದರೆ ಸರ್ಕಾರದ ರಾಜ್ಯಪತ್ರದಲ್ಲಿ ಹೊಸ ಹೆಸರು ಪ್ರಕಟಿಸುವ ದಾರಿ ಹಿಡಿಯಬೇಕು. ಅಷ್ಟು ಓಡಾಟ ಬೇಕಾ ಅಂತ ಮನೆಯವರೆಲ್ಲ ಕೂತು ಯೋಚಿಸಿ. ಓದಿದ್ದು, ಕೆಲಸಕ್ಕೆ ಸೇರಿದ್ದು, ಸಂಬಳ ಬಂದಿದ್ದು ಎಲ್ಲಾ ಹಳೇ ಹೆಸರಿನಲ್ಲಿ ಇರುತ್ತದೆ. ಕರೆಯುವ ಹೆಸರು ಬೇರೆ, ಕಾಗದದ ಹೆಸರು ಬೇರೆ ಇದ್ದರೆ ಯಾವ ಅಪಚಾರವೂ ಇಲ್ಲ.

ಮ್ಯಾರೇಜ್ ಸರ್ಟಿಫಿಕೇಟ್ ಮಾಡಿಸಲೇಬೇಕಾ? ಲಗ್ನಪತ್ರಿಕೆ, ಫೋಟೋ ಇದೆ.

ಮಾಡಿಸಿ. ಹೆಸರು ಬದಲಾಯಿಸದಿದ್ದರೂ ಮಾಡಿಸಿ. ಎಲ್ಲ ಮದುವೆಗಳೂ ನೋಂದಣಿ ಆಗಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ರಾಜ್ಯಗಳಿಗೆ ಹೇಳಿದೆ, ನಮ್ಮ ರಾಜ್ಯದಲ್ಲಿ ಮದುವೆ ನೋಂದಣಿಗೆ ಅಂತಲೇ 1976ರ ಕಾಯ್ದೆ ಇದೆ. ಮದುವೆ ನಡೆದ ಊರಿನ, ಇಲ್ಲವೇ ಹುಡುಗ ಅಥವಾ ಹುಡುಗಿ ವಾಸ ಇರುವ ಊರಿನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಡಿಸಬಹುದು. ಹುಡುಗಿ ಹಿರಿಯೂರಿನವಳು, ಹುಡುಗ ಹರಿಹರದವನು, ಮದುವೆ ದಾವಣಗೆರೆಯ ಕಲ್ಯಾಣ ಮಂಟಪದಲ್ಲಿ ಆಗಿದೆ ಅಂತಿಟ್ಟುಕೊಳ್ಳಿ, ನಿಮಗೆ ಹತ್ತಿರ ಯಾವುದೋ ಅದನ್ನು ಆರಿಸಿಕೊಳ್ಳಿ. ಹಿಂದೂ ಮದುವೆಗಳಿಗೆ ಈಗ ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್‌ನಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಮದುವೆ ಫೋಟೋ, ಲಗ್ನಪತ್ರಿಕೆ, ಸಾಕ್ಷಿಗಳ ವಿವರ ಕೈಯಲ್ಲಿ ಇಟ್ಟುಕೊಂಡು ಕೂರಿ. ವಿಶೇಷ ವಿವಾಹ ಕಾಯ್ದೆಯಡಿ ಆಗುವುದಾದರೆ 30 ದಿನದ ನೋಟಿಸ್ ಇರುತ್ತದೆ, ಅದಕ್ಕೆ ತಕ್ಕಂತೆ ಮುಂಚೆಯೇ ಅರ್ಜಿ ಕೊಡಿ.

ಲಗ್ನಪತ್ರಿಕೆ ಕೆಲವು ಕಡೆ ನಡೆಯುತ್ತದೆ ಅನ್ನುವುದು ನಿಜ. ಪ್ಯಾನ್‌ನಲ್ಲಿ ಮದುವೆಯಾದ ಹೆಣ್ಣುಮಕ್ಕಳ ಹೆಸರು ತಿದ್ದಲು ಅದನ್ನೂ ಒಂದು ದಾಖಲೆಯಾಗಿ ಒಪ್ಪುತ್ತಾ ಬಂದಿದ್ದಾರೆ. ಆದರೆ ಅದನ್ನೇ ನಂಬಿಕೊಂಡರೆ ಮುಂದಿನ ಬಾಗಿಲಲ್ಲಿ ನಿಲ್ಲುತ್ತೀರಿ.

ಸರ್ಟಿಫಿಕೇಟ್‌ನಲ್ಲಿ ನನ್ನ ಹಳೇ ಹೆಸರೇ ಬಂದಿದೆ. ತಪ್ಪಾಗಿದೆಯಾ?

ತಪ್ಪಲ್ಲ. ಮದುವೆ ಆದ ಹೊತ್ತಿನಲ್ಲಿ ನಿಮ್ಮ ಹೆಸರು ಏನಿತ್ತೋ ಅದೇ ಬರಬೇಕು. ಹಳೇ ಹೆಸರಿನ ನೀವು ಇಂಥವರನ್ನು ಮದುವೆಯಾದಿರಿ ಅನ್ನುವುದಕ್ಕೆ ಅದು ಸಾಕ್ಷಿ. ಆ ಕೊಂಡಿ ಇರುವುದರಿಂದಲೇ ಗಂಡನ ಹೆಸರು ಸೇರಿಸಿಕೊಳ್ಳಲು ಅದನ್ನು ಒಪ್ಪುತ್ತಾರೆ. ಅದರಲ್ಲೇ ಹೊಸ ಹೆಸರು ಹಾಕಿಸಲು ಹೋಗಬೇಡಿ, ಹಳೇ ಹೆಸರಿಗೂ ಹೊಸದಕ್ಕೂ ಇರುವ ಕೊಂಡಿಯೇ ಕಳಚಿಹೋಗುತ್ತದೆ. ಆದರೆ ಗಂಡನ ಹೆಸರಿನ ಸ್ಪೆಲ್ಲಿಂಗ್ ಅವರ ಆಧಾರ್‌ನಲ್ಲಿ ಇರುವಂತೆಯೇ ಬಂದಿದೆಯಾ ಅಂತ ಒಂದೊಂದೇ ಅಕ್ಷರ ನೋಡಿಕೊಳ್ಳಿ.

ಯಾವುದನ್ನು ಮೊದಲು ಮಾಡಿಸಬೇಕು?

ಮ್ಯಾರೇಜ್ ಸರ್ಟಿಫಿಕೇಟ್, ಆಮೇಲೆ ಆಧಾರ್, ಆಮೇಲೆ ಪ್ಯಾನ್, ಆಮೇಲೆ ಬ್ಯಾಂಕ್. ಈ ಸಾಲು ತಪ್ಪಿಸಬೇಡಿ. ಪ್ಯಾನ್ ತಿದ್ದುಪಡಿ ಆನ್‌ಲೈನ್‌ನಲ್ಲಿ ಆಧಾರ್ ಮೂಲಕವೇ ಸುಲಭವಾಗಿ ಆಗುವುದು, ಅಲ್ಲಿ ಹಳೇ ಹೆಸರಿದ್ದರೆ ಇಲ್ಲಿ ಹೊಸ ಹೆಸರು ಹೋಗುವುದಿಲ್ಲ. ಬ್ಯಾಂಕಿನವರು ಎರಡನ್ನೂ ಕೇಳುತ್ತಾರೆ. ಈ ನಾಲ್ಕು ಆದಮೇಲೆ ಮಿಕ್ಕಿದ್ದು, ಅಂದರೆ ವೋಟರ್ ಕಾರ್ಡ್, ಡಿಎಲ್, ಎಲ್‌ಐಸಿ, ಗ್ಯಾಸ್ ಕನೆಕ್ಷನ್, ಯಾವುದಾದರೂ ಮೊದಲಾಗಲಿ. ವೋಟರ್ ಕಾರ್ಡಿಗೆ ಫಾರಂ 8, ಅದರಲ್ಲೇ ಹೆಸರು ತಿದ್ದುಪಡಿಯೂ ಆಗುತ್ತದೆ, ತವರಿನಿಂದ ಗಂಡನ ಊರಿಗೆ ವರ್ಗಾವಣೆಯೂ ಆಗುತ್ತದೆ. ಡಿಎಲ್‌ಗೆ ಪರಿವಾಹನ್ ಸಾರಥಿ ಪೋರ್ಟಲ್. ನಿಮ್ಮ ಡಿಎಲ್ ಚಿತ್ರದುರ್ಗದ ಕೆಎ 16ರದ್ದು, ಈಗ ಇರುವುದು ದಾವಣಗೆರೆಯ ಕೆಎ 17ರಲ್ಲಿ ಅಂದರೆ ವಿಳಾಸ, ಹೆಸರು ಎರಡನ್ನೂ ಒಟ್ಟಿಗೇ ಮುಗಿಸಿಕೊಳ್ಳಿ.

ಪ್ಯಾನ್ ನಂಬರ್ ಬದಲಾಗುವುದಿಲ್ಲ, ಆಧಾರ್ ನಂಬರೂ ಬದಲಾಗುವುದಿಲ್ಲ. ಹೊಸ ಹೆಸರಿಗೆ ಹೊಸ ಪ್ಯಾನ್ ಮಾಡಿಸಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಒಬ್ಬರ ಹತ್ತಿರ ಎರಡು ಪ್ಯಾನ್ ಇರುವುದು ಕಾನೂನಿಗೆ ವಿರುದ್ಧ, ದಂಡ ಬೀಳುತ್ತದೆ. ಪ್ಯಾನ್‌ನಲ್ಲಿ ತಂದೆ ಹೆಸರಿನ ಜಾಗ ಇದೆಯಲ್ಲ, ಅದು ಮದುವೆ ಆದಮೇಲೂ ತಂದೆಯದ್ದೇ. ಅಲ್ಲಿ ಗಂಡನ ಹೆಸರು ತುಂಬಿದ ಅರ್ಜಿಗಳು ವಾಪಸ್ ಬರುತ್ತವೆ.

ಆಧಾರ್‌ನಲ್ಲಿ ಕೇರಾಫ್ ಅಂತ ಗಂಡನ ಹೆಸರು ಹಾಕಿಸಿದ್ದೇನೆ. ಹೆಸರು ಬದಲಾಯ್ತು ಅಲ್ವಾ?

ಇಲ್ಲ. ಕೇರಾಫ್ ಬರುವುದು ವಿಳಾಸದ ಸಾಲಿನಲ್ಲಿ. ಅದು ಬದಲಾದರೆ ವಿಳಾಸ ಬದಲಾದಂತೆ ಅಷ್ಟೇ, ನಿಮ್ಮ ಹೆಸರು ಹಾಗೇ ಇದೆ. ನಿಜ ಹೇಳಬೇಕೆಂದರೆ ಬಹಳ ಜನರಿಗೆ ಬೇಕಾಗಿರುವುದೂ ಇಷ್ಟೇ. ಗಂಡನ ಮನೆಯ ವಿಳಾಸ ಬರಬೇಕು, ಕಾರ್ಡ್ ನೋಡಿದರೆ ಇಂಥವರ ಹೆಂಡತಿ ಅಂತ ಗೊತ್ತಾಗಬೇಕು. ಅದಕ್ಕೆ ಹೆಸರು ಮುಟ್ಟುವ ಅಗತ್ಯವೇ ಇಲ್ಲ, ಸುಮ್ನೆ ವಿಳಾಸ ಬದಲಾಯಿಸಿ. ವಿಳಾಸವನ್ನು ಆನ್‌ಲೈನ್‌ನಲ್ಲೂ ಮಾಡಬಹುದು, ಸಂಬಂಧ ತೋರಿಸುವ ದಾಖಲೆ ಇದ್ದರೆ ಮನೆಯ ಯಜಮಾನರ ಆಧಾರ್ ಒಪ್ಪಿಗೆ ಮೇಲೂ ಆಗುತ್ತದೆ.

ಹೆಸರಿನ ವಿಷಯ ಹಾಗಲ್ಲ. ಆಧಾರ್‌ನಲ್ಲಿ ಹೆಸರನ್ನು ಇಡೀ ಜೀವನದಲ್ಲಿ ಎರಡೇ ಸಲ ತಿದ್ದಬಹುದು. ಸ್ಕೂಲಿನಲ್ಲಿ ಇದ್ದಾಗ ಸ್ಪೆಲ್ಲಿಂಗ್‌ಗೆ ಅಂತ ಒಂದು ಸಲ ಆಗಿದ್ದರೆ ಉಳಿದಿರುವುದು ಒಂದೇ. ಆ ಒಂದನ್ನು ಸಂಬಂಧಿಕರ ಒತ್ತಾಯಕ್ಕೆ ಅವಸರದಲ್ಲಿ ಖರ್ಚು ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಸ್ಪೆಲ್ಲಿಂಗ್ ಸ್ವಲ್ಪ ಹೆಚ್ಚುಕಮ್ಮಿ ಆದರೆ ಏನಾಗುತ್ತೆ?

ಜಾಸ್ತಿ ಅಲೆದಾಟ ಆಗುವುದು ಇದರಿಂದಲೇ. ಲತಾ, ಜ್ಯೋತಿ, ಸುಜಾತಾ ಅಂತ ಕನ್ನಡದಲ್ಲಿ ಬರೆದರೆ ಗೊಂದಲವೇ ಇಲ್ಲ. ಇಂಗ್ಲಿಷಿಗೆ ಹೋದ ತಕ್ಷಣ ಟಿ ಆದಮೇಲೆ ಎಚ್ ಬರುತ್ತಾ ಇಲ್ವಾ, ಕೊನೆಗೆ ಒಂದು ಎ ಇದೆಯಾ ಎರಡಿದೆಯಾ ಅಂತ ಒಂದೊಂದು ಕಡೆ ಒಂದೊಂದು ಥರ. ಮಂಜುನಾಥ, ಬಸವರಾಜ್ ಅಂತ ಗಂಡನ ಹೆಸರು ಸೇರಿದರೆ ಇನ್ನೂ ಕಷ್ಟ. ಅರ್ಜಿ ಹಾಕುವ ಮುಂಚೆ ಒಂದು ಚೀಟಿಯಲ್ಲಿ ನಿಮ್ಮ ಹೊಸ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದಿಟ್ಟುಕೊಳ್ಳಿ, ಎಲ್ಲಾ ಕಡೆ ಅದನ್ನೇ ತೋರಿಸಿ, ಟೈಪ್ ಮಾಡಿದ್ದನ್ನು ನೀವೇ ಓದಿ ಆಮೇಲೆ ಸಹಿ ಮಾಡಿ. ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರ ಎಲ್ಲೇ ಹೋಗಿ, ಅಲ್ಲಿನವರು ಬೇಗ ಬೇಗ ಮುಗಿಸುತ್ತಾರೆ. ಓದಿಕೊಳ್ಳುವ ಕೆಲಸ ನಿಮ್ಮದು.

ಅಫಿಡವಿಟ್ ಸಾಕಾ, ಗೆಜೆಟ್ ಬೇಕಾ?

ಗಂಡನ ಹೆಸರು ಅಥವಾ ಮನೆತನದ ಹೆಸರು ಸೇರಿಸುವುದಷ್ಟೇ ಆದರೆ ಸಾಮಾನ್ಯವಾಗಿ ಮ್ಯಾರೇಜ್ ಸರ್ಟಿಫಿಕೇಟ್ ಸಾಕು. ಕೆಲವು ಬ್ಯಾಂಕು, ಕಂಪನಿಗಳು ಜೊತೆಗೆ ಒಂದು ಅಫಿಡವಿಟ್ ಕೇಳುತ್ತವೆ: ಹಳೇ ಹೆಸರಿನವಳೂ ಹೊಸ ಹೆಸರಿನವಳೂ ಒಬ್ಬಳೇ ಅಂತ ಇ-ಸ್ಟ್ಯಾಂಪ್ ಕಾಗದದ ಮೇಲೆ ಬರೆದು ನೋಟರಿ ಮುಂದೆ ಸಹಿ ಮಾಡುವುದು. ಹಿಂದೆ 20 ರೂಪಾಯಿ ಕಾಗದ ಸಾಕಾಗುತ್ತಿತ್ತು, ಈಗ ಕರ್ನಾಟಕದಲ್ಲಿ ಅಫಿಡವಿಟ್‌ಗೆ 100 ರೂಪಾಯಿದು ಬೇಕು. ನೋಟರಿ ಫೀಸು ಬೇರೆ. ಹೇಗೂ ಮಾಡಿಸುತ್ತೀರಿ, ಎರಡು ಅಸಲು ಪ್ರತಿ ಮಾಡಿಸಿ ಇಟ್ಟುಕೊಳ್ಳಿ.

ಮೊದಲ ಹೆಸರೇ ಬದಲಾಗುವುದಾದರೆ ಗೆಜೆಟ್ ಬೇಕು. ಮೊದಲು ಅಫಿಡವಿಟ್, ಆಮೇಲೆ ಪತ್ರಿಕೆಯಲ್ಲಿ ಪ್ರಕಟಣೆ, ಆಮೇಲೆ ಅರ್ಜಿ. ದಾವಣಗೆರೆಯವರು ಜನತಾವಾಣಿಯಂಥ ಊರಿನ ಪತ್ರಿಕೆಯಲ್ಲಿ ಕೊಡುವುದುಂಟು, ಆದರೆ ಯಾವ ಭಾಷೆಯ, ಎಂಥ ಪತ್ರಿಕೆ ಆಗಬೇಕು ಅಂತ ಅರ್ಜಿಯ ಸೂಚನೆಯಲ್ಲಿ ಓದಿಕೊಂಡೇ ದುಡ್ಡು ಕಟ್ಟಿ. ಕೇಂದ್ರದ ಗೆಜೆಟ್ ಆದರೆ ಅರ್ಜಿ ಹೋಗುವುದು ದೆಹಲಿಯ ಸಿವಿಲ್ ಲೈನ್ಸ್‌ನಲ್ಲಿರುವ ಪ್ರಕಾಶನ ಇಲಾಖೆಗೆ, ಹೆಸರು ಬರುವುದು ಗೆಜೆಟ್‌ನ 4ನೇ ಭಾಗದಲ್ಲಿ. ಪತ್ರಿಕೆಯ ಪೂರ್ತಿ ಹಾಳೆ ಎತ್ತಿಡಿ, ತುಂಡು ಕತ್ತರಿಸಿ ಇಟ್ಟರೆ ಪ್ರಯೋಜನ ಇಲ್ಲ.

ಪಾಸ್‌ಪೋರ್ಟ್?

ಹಳೇ ಪಾಸ್‌ಪೋರ್ಟ್‌ನಲ್ಲಿ ಹೊಡೆದು ತಿದ್ದಿ ಕೊಡುವುದಿಲ್ಲ, ಹೊಸ ಪುಸ್ತಕವೇ ಕೊಡುತ್ತಾರೆ. ಅದಕ್ಕೆ ಮರುವಿತರಣೆ ಅಂತ ಅರ್ಜಿ ಹಾಕಬೇಕು. 36 ಪುಟದ್ದಕ್ಕೆ 1500 ರೂಪಾಯಿ, 60 ಪುಟದ್ದಕ್ಕೆ 2000, ತತ್ಕಾಲ್ ಆದರೆ ಅದರ ಮೇಲೆ ಇನ್ನೂ 2000. ಮದುವೆಯಾದವರು ಮ್ಯಾರೇಜ್ ಸರ್ಟಿಫಿಕೇಟ್ ಕೊಟ್ಟರೇನೇ ಪಾಸ್‌ಪೋರ್ಟ್ ಅನ್ನುವ ನಿಯಮವನ್ನು 2016ರ ಡಿಸೆಂಬರ್‌ನಲ್ಲೇ ಕೈಬಿಟ್ಟಿದ್ದಾರೆ. ಹೆಸರು ಬದಲಾಯಿಸದೆ ಇದ್ದರೆ ನಿಮ್ಮ ಪಾಸ್‌ಪೋರ್ಟ್ ಅವಧಿ ಮುಗಿಯುವ ತನಕ ಹಾಗೇ ನಡೆಯುತ್ತದೆ. ಮದುವೆ ಆದ ತಕ್ಷಣ ವಿದೇಶಕ್ಕೆ ಹೋಗುವವರು ಟಿಕೆಟ್, ವೀಸಾ, ಪಾಸ್‌ಪೋರ್ಟ್ ಮೂರೂ ಒಂದೇ ಹೆಸರಿನಲ್ಲಿ ಇರುವಂತೆ ನೋಡಿಕೊಂಡು, ವಾಪಸ್ ಬಂದಮೇಲೆ ಹೆಸರಿನ ಕೆಲಸ ಶುರು ಮಾಡಿ.

ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಡಿಗ್ರಿ ಸರ್ಟಿಫಿಕೇಟ್ ಬದಲಾಯಿಸಬೇಕಾ?

ಬೇಡ. ಹುಟ್ಟಿದ ಸರ್ಟಿಫಿಕೇಟೂ ಬೇಡ. ಅವು ಆಗಿನ ಹೆಸರಿನಲ್ಲೇ ಇರಬೇಕು. ಕೆಲಸದ ದಾಖಲೆ ಪರಿಶೀಲನೆಗೆ ಹೋಗುವಾಗ ಮ್ಯಾರೇಜ್ ಸರ್ಟಿಫಿಕೇಟ್ ಮತ್ತು ಅಫಿಡವಿಟ್ ಒಟ್ಟಿಗೆ ಒಯ್ಯಿರಿ. ಪರೀಕ್ಷೆಗೆ ಓದುತ್ತಿರುವವರಿಗೆ ಒಂದು ಕಿವಿಮಾತು: ಅರ್ಜಿ ಹಾಕಿ ನೇಮಕಾತಿ ಮುಗಿಯುವ ನಡುವೆ ಹೆಸರು ಬದಲಾಯಿಸಬೇಡಿ. ಹಾಲ್ ಟಿಕೆಟ್‌ನಲ್ಲಿ ಒಂದು ಹೆಸರು, ಗುರುತಿನ ಚೀಟಿಯಲ್ಲಿ ಇನ್ನೊಂದು ಆದರೆ ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಬೇಡದ ಆತಂಕ.

ಗಂಡನ ಹೆಸರು ಬಂದರೆ ಜಾತಿ ಪ್ರಮಾಣಪತ್ರ ಬದಲಾಗುತ್ತಾ?

ಜಾತಿ ಹುಟ್ಟಿನಿಂದ ಬರುವುದು, ಮದುವೆಯಿಂದ ಬದಲಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೂ ಹೇಳಿದೆ. ಹೆಸರು ಏನೇ ಆಗಲಿ, ನಾಡಕಚೇರಿಯಲ್ಲಿ ಅರ್ಜಿ ಹಾಕುವಾಗ ತವರಿನ ದಾಖಲೆಗಳೇ ಬೇಕು.

ಹೆಸರಿನಿಂದ ಅಪ್ಪನ ಇನಿಶಿಯಲ್ ತೆಗೆದರೆ ತವರಿನ ಆಸ್ತಿಯಲ್ಲಿ ಪಾಲು ಹೋಗುತ್ತಾ?

ಹೋಗುವುದಿಲ್ಲ. ಈ ಭಯ ಹುಟ್ಟಿಸಿ ಹೆಣ್ಣುಮಕ್ಕಳಿಂದ ಸಹಿ ಹಾಕಿಸಿಕೊಳ್ಳುವವರು ಇದ್ದಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು. ಆದರೆ ಅದರಲ್ಲಿ ಅಷ್ಟರೊಳಗೆ ಮದುವೆ ಆದವರನ್ನು ಹೊರಗೆ ಇಟ್ಟಿದ್ದರು. 2005ರಲ್ಲಿ ಕೇಂದ್ರದ ಕಾನೂನು ಬಂದು ಮದುವೆ ಆದವರು, ಆಗದವರು ಅನ್ನುವ ಭೇದ ತೆಗೆಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿದ್ದರೋ ಇಲ್ಲವೋ ಅನ್ನುವುದು ಮುಖ್ಯ ಅಲ್ಲ ಅಂತ ಸ್ಪಷ್ಟ ಮಾಡಿತು. ಅಂದರೆ ನೀವು ಮಗಳಾಗಿ ಹುಟ್ಟಿದ್ದರಿಂದ ಪಾಲು. ಹೆಸರಿನ ಹಿಂದೆ ಯಾವ ಅಕ್ಷರ ಇದೆ ಅನ್ನುವುದರಿಂದ ಅಲ್ಲ.

ಪಹಣಿಯಲ್ಲಿ ಈಗಾಗಲೇ ನಿಮ್ಮ ಹೆಸರು ಇದ್ದರೆ, ಆಧಾರ್‌ನಲ್ಲಿ ಹೆಸರು ಬದಲಾದಮೇಲೆ ಎರಡೂ ಹೊಂದುವುದಿಲ್ಲ. ಬೆಳೆ ಪರಿಹಾರ, ಬೆಳೆ ಸಾಲದ ಹೊತ್ತಿಗೆ ಇದು ಅಡ್ಡ ಬರುತ್ತದೆ. ತಾಲ್ಲೂಕು ಕಚೇರಿಯಲ್ಲಿ ಕೇಳಿ ಮೊದಲೇ ಸರಿಮಾಡಿಸಿಕೊಳ್ಳಿ.

ರೇಷನ್ ಕಾರ್ಡ್, ಗೃಹಲಕ್ಷ್ಮಿ ಹಣದ ಕಥೆ ಏನು?

ತವರಿನ ಕಾರ್ಡಿನಿಂದ ಹೆಸರು ತೆಗೆಸಿದ ಮೇಲೆಯೇ ಗಂಡನ ಮನೆಯ ಕಾರ್ಡಿಗೆ ಸೇರಿಸಲು ಆಗುವುದು. ಒಂದು ಆಧಾರ್ ಎರಡು ಕಾರ್ಡಿನಲ್ಲಿ ಇರುವಂತಿಲ್ಲ. ಇದಕ್ಕೆ ಹೆಸರು ಬದಲಾಗಿರಬೇಕು ಅಂತ ಏನೂ ಇಲ್ಲ. ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿ ಕಾರ್ಡಿನಲ್ಲಿ ಯಜಮಾನಿ ಅಂತ ಇರುವ ಒಬ್ಬರಿಗೆ ಮಾತ್ರ, ಸಾಮಾನ್ಯವಾಗಿ ಅದು ಅತ್ತೆ. ಯಜಮಾನಿ ನೀವೇ ಆಗಿದ್ದು ಹೆಸರು ಬದಲಾಯಿಸಿದರೆ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಖಾತೆ ಮೂರರಲ್ಲೂ ಒಂದೇ ಹೆಸರು ಬರುವಂತೆ ಬೇಗ ಮುಗಿಸಿ.

ನಾನು ಸರ್ಕಾರಿ ಶಾಲೆ ಟೀಚರ್. ಸುಮ್ನೆ ಆಧಾರ್ ಬದಲಾಯಿಸಿದರೆ ಸಾಲದಾ?

ಸಾಲದು. ಸೇವಾ ಪುಸ್ತಕದಲ್ಲಿ ಇರುವ ಹೆಸರೇ ನಿಮ್ಮ ಸಂಬಳದ ಹೆಸರು, ಪಿಂಚಣಿಯ ಹೆಸರು. ಇಲಾಖೆಗೆ ಮೊದಲು ಬರೆದು ಕೊಡಿ, ಅವರು ಕೇಳುವ ದಾಖಲೆ ಪಟ್ಟಿ ತಗೊಂಡು ಆಮೇಲೆ ಮುಂದುವರಿಯಿರಿ. ಕೇಂದ್ರ ಸರ್ಕಾರದ ನೌಕರರಿಗೆ ಸ್ವಲ್ಪ ಸುಲಭ, ಮದುವೆಯಿಂದ ಸರ್‌ನೇಮ್ ಬದಲಾಗುವುದಾದರೆ ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಿದರೆ ಸಾಕು ಅನ್ನುವ ಪದ್ಧತಿ ಇದೆ.

ಖಾಸಗಿ ಕಂಪನಿಯಲ್ಲಿ ಇದ್ದೇನೆ, ಹೆಸರು ಬದಲಾಯಿಸುತ್ತಿಲ್ಲ. ನನಗೇನೂ ಕೆಲಸ ಇಲ್ಲ ಅಲ್ವಾ?

ಒಂದಿದೆ, ಅದನ್ನೇ ಎಲ್ಲರೂ ಮರೆಯುವುದು. ಮದುವೆಗೆ ಮುಂಚೆ ಪಿಎಫ್‌ಗೆ ಅಪ್ಪನನ್ನೋ ತಮ್ಮನನ್ನೋ ನಾಮಿನಿ ಮಾಡಿರುತ್ತೀರಿ. ಮದುವೆ ಆಗಿ ಕುಟುಂಬ ಅಂತ ಆದ ಕೂಡಲೇ ಆ ನಾಮಿನೇಷನ್ ತಾನಾಗಿ ರದ್ದಾಗುತ್ತದೆ, ಹೊಸದಾಗಿ ತುಂಬಬೇಕು. ಗಂಡಸರಿಗೂ ಇದೇ ನಿಯಮ. ಬ್ಯಾಂಕ್, ಎಲ್‌ಐಸಿ ನಾಮಿನಿಯನ್ನೂ ಅದೇ ವಾರ ನೋಡಿಕೊಂಡುಬಿಡಿ.

ನನ್ನ ಹುಟ್ಟಿದ ದಾಖಲೆಯಲ್ಲಿ "ದಾವಣಗೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ" ಅಂತ ಇದೆ. ಇದನ್ನೂ ಸರಿಮಾಡಿಸಬೇಕಾ?

ಬೇಡ, ಅದು ಸರಿಯಾಗೇ ಇದೆ. ದಾವಣಗೆರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ಕ್ಕೆ. ಅದಕ್ಕೂ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ. ಬೆಂಗಳೂರಿನಲ್ಲೋ ಹೊರಗಿನ ರಾಜ್ಯದಲ್ಲೋ ಯಾರಾದರೂ ತಕರಾರು ತೆಗೆದರೆ ಇಷ್ಟು ಹೇಳಿ.

ಗಂಡ ಹೆಂಡತಿಯ ಹೆಸರು ತಗೊಳ್ಳಬಹುದಾ?

ತಗೊಳ್ಳಬಹುದು, ತಡೆಯುವ ಕಾನೂನಿಲ್ಲ. ಆದರೆ ಮ್ಯಾರೇಜ್ ಸರ್ಟಿಫಿಕೇಟ್ ತೋರಿಸಿದರೆ ಕೆಲಸ ಆಗುವ ಸೌಕರ್ಯ ಹೆಣ್ಣುಮಕ್ಕಳ ಹೆಸರಿಗೆ ಅಂತಲೇ ರೂಢಿಯಾಗಿದೆ. ಗಂಡಸರು ಗೆಜೆಟ್ ಮಾಡಿಸಿಕೊಂಡೇ ಹೋಗುವುದು ಒಳ್ಳೆಯದು. ಇದು ಬದಲಾಗಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಮುಂದೆ ಬೇರೆಯಾದರೆ ಹಳೇ ಹೆಸರಿಗೆ ವಾಪಸ್ ಬರಬಹುದಾ?

ಬರಬಹುದು. ವಿಚ್ಛೇದನದ ಡಿಕ್ರಿ ಪ್ರತಿ ಇದ್ದರೆ ಪಾಸ್‌ಪೋರ್ಟ್, ಪ್ಯಾನ್, ಬ್ಯಾಂಕ್ ಎಲ್ಲಾ ಕಡೆ ಅದೇ ದಾಖಲೆ. ಕೇಸು ಇನ್ನೂ ನಡೆಯುತ್ತಿರುವಾಗ ಕಷ್ಟ. ಕೇಂದ್ರ ಗೆಜೆಟ್‌ನಲ್ಲಿ ತವರಿನ ಹೆಸರಿಗೆ ಮರಳುವ ಹೆಂಗಸರು ಡಿಕ್ರಿ ಕೊಡಬೇಕು, ಇಲ್ಲವೇ ಗಂಡನಿಂದ ಒಪ್ಪಿಗೆ ಪತ್ರ ತರಬೇಕು ಅನ್ನುವ ಷರತ್ತನ್ನು ಒಬ್ಬ ಮಹಿಳೆ 2024ರಲ್ಲಿ ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದ್ದರು. ಬಿಟ್ಟು ಬಂದ ಗಂಡನ ಹತ್ತಿರವೇ ತನ್ನ ಹುಟ್ಟುಹೆಸರಿಗೆ ಅನುಮತಿ ಕೇಳಬೇಕು ಅನ್ನುವುದು ಯಾವ ನ್ಯಾಯ? ಅಂಥ ಸ್ಥಿತಿಯಲ್ಲಿ ಇರುವವರು ಒಬ್ಬರೇ ಒದ್ದಾಡಬೇಡಿ. ತಾಲ್ಲೂಕು ಮತ್ತು ಜಿಲ್ಲಾ ಕೋರ್ಟ್ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ. ಆಧಾರ್ ಮತ್ತು ಮದುವೆಯ ದಾಖಲೆ ಹಿಡಿದುಕೊಂಡು ನೇರವಾಗಿ ಹೋಗಿ ಕೇಳಿ.